ಯಾಕೋಬ ತೊಳೆದ ನಳಿಗೆ

"ಇದನ್ನ ಅವರ ಕೈಯಾಗ ಇಡ್ರಿ ಅಕ್ಕಾ. ದಿನಾ ಇವನ್ನೇ ತೊಳಿತಿದ್ರು," ಎನ್ನುತ್ತ ಹೆಲೆನ ಗಂಡ ಯಾಕೋಬನ ಕೋಟಿನ ಜೇಬಿನಿಂದ ತೆಗೆದ ಗಾಜಿನ ನಳಿಗೆಯನ್ನು ಮಿಷನ್ ದವಾಖಾನೆಯ ಸುಸನ್ನಾಳಿಗೆ ಕೊಟ್ಟಳು. ಶವಪೆಟ್ಟಿಗೆಯ ಮುಚ್ಚಳ ಹಿಡಿದವರು ಕಾಯುತ್ತಿದ್ದರು. ನಳಿಗೆಯ ತಳದಲ್ಲಿ ನೀರಿನಂಥದ್ದೇನೋ ಅಲುಗಿತು. ಸುಸನ್ನಾ ಹತ್ತಿಯ ಬಿರಡೆ ಎಳೆದಳು. ಸ್ಪಿರಿಟ್ಟಿನ ಘಾಟು ಮೂಗಿಗೆ ಹೊಡೆಯಿತು.

ಅವಳು ಬಿರಡೆಯನ್ನು ಮತ್ತೆ ಬಿಗಿದಳು. ನಳಿಗೆಯನ್ನು ಪೆಟ್ಟಿಗೆಯಲ್ಲಿಡದೆ ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಅಂಗಳದಲ್ಲಿ ಧೊಂಡಿಬಾ ಕೋಲೂರಿ ನಿಂತಿದ್ದ. ಸಂತಪುರದಲ್ಲಿ ನಿಜಾಮನ ರಜಾಕಾರರು ಅವನ ಮನೆ ಸುಟ್ಟಿದ್ದರು. ಜೀವ ಉಳಿಸಿಕೊಳ್ಳಲು ಬೀದರಕ್ಕೆ ಬಂದರೆ ಇಲ್ಲಿ ವಾಂತಿಭೇದಿಗೆ ಮಗಳು ಹೋದಳು. ಭಾರತದ ಮಿಲಿಟರಿ ಬಂದು ಹತ್ತು ದಿನವಾಗಿತ್ತು, ಓಣಿಯಲ್ಲಿ ಅದೇ ಬೇನೆಗೆ ಆರು ಹೆಣ ಬಿದ್ದಿದ್ದವು.

"ಬಾವಿ ನೀರಾಗ ಬ್ಯಾನಿ ಹುಳಾ ಇಲ್ಲಂತ ದವಾಖಾನಿ ಬಾಯಾರೇ ಬರದು ಕೊಟ್ಟಾರ," ಎಂದ ಅವನು. "ಹುಳಾ ಇಲ್ಲದ ನೀರು ಮಂದೀನ್ನ ಹ್ಯಾಂಗ ಕೊಂದೀತು? ಮನಿಮನಿಗೆ ನೀರು ಹಾಕೋ ಇಸ್ಮಾಯಿಲ ವಿಷಾ ಬೆರಸ್ಯಾನ. ಮೊದಲ ಮಣ್ಣ ಆಗ್ಲಿ. ಆಮ್ಯಾಗ ಅವನ ಮನೀಗೆ ಹೋಗೋಣು."

ಹತ್ತು ತಲೆಗಳು ಹೌದೆಂದು ಅಲ್ಲಾಡಿದವು. ಆ ಚೀಟಿ ಬರೆದವಳು ಸುಸನ್ನಾಳೇ.

*

ಆರು ದಿನದ ಹಿಂದೆ ಮಿಷನ್ ದವಾಖಾನೆಯ ಪರೀಕ್ಷಾಕೋಣೆಯಲ್ಲಿ ಸುಸನ್ನಾ, ಯಾಕೋಬ ಇಬ್ಬರೇ ಇದ್ದರು. ಸೀಮೆಎಣ್ಣೆ ಮುಗಿದಿತ್ತು. ನಳಿಗೆಗಳನ್ನು ಕುದಿಸಿ ಒಣಗಿಸುವುದು ಯಾಕೋಬನ ಕೆಲಸ. ಹನ್ನೆರಡು ವರ್ಷದಲ್ಲಿ ಒಂದು ನಳಿಗೆಯನ್ನೂ ಒಡೆದವನಲ್ಲ.

"ಎಣ್ಣಿ ಇಲ್ದ ಹ್ಯಾಂಗ ಕುದಿಸಿದಿ?" ಎಂದು ಕೇಳಿದ್ದಳು.

"ಅದಕ್ಕಿಂತ ಸ್ವಚ್ಛ ಮಾಡೀನ್ರಿ ಬಾಯಾರ. ನೀವು ಕಾಳಜಿ ಬಿಡ್ರಿ," ಎಂದು ನಕ್ಕಿದ್ದ.

ಅವಳು ಕಾಳಜಿ ಬಿಟ್ಟಳು. ದೂರದಲ್ಲಿ ಗುಂಡುಗಳು ಹಾರುತ್ತಿದ್ದವು. ಮೂಗಿಗೆ ಫಿನೈಲಿನ ಬಟ್ಟೆ ಕಟ್ಟಿಕೊಂಡಿದ್ದಳು. ಅವಸರದಲ್ಲಿ ಆ ನಳಿಗೆಗಳಿಗೆ ಸೂಕ್ಷ್ಮಜೀವಿ ಬೆಳೆಸುವ ಮಾಂಸದ ಸಾರು ಸುರಿದು, ಬಾವಿಯ ನೀರು ಬೆರೆಸಿದಳು. ಮರುದಿನ ಸಾರು ಕನ್ನಡಿಯಂತೆ ತಿಳಿಯಾಗಿತ್ತು. ಎಂಥ ಬಾವಿಯ ನೀರಾದರೂ ಸಾರನ್ನು ಒಂದಿಷ್ಟು ಮಬ್ಬು ಮಾಡಿಯೇ ಮಾಡುತ್ತದೆ. ಅದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, 'ನೀರು ಶುದ್ಧ' ಎಂದು ಬರೆದಳು. ಆ ಚೀಟಿಯನ್ನು ನಂಬಿ ಯಾಕೋಬ ಕಾಯಿಸದೆ ನೀರು ಕುಡಿದ, ಅದೇ ಬೇನೆಗೆ ಹೋದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಕೊಳೆ ಸೇರದಿರಲೆಂದು ಅವನು ತಳದಲ್ಲಿ ಉಳಿಸಿದ್ದ ಸ್ಪಿರಿಟ್ಟು ನೀರಿನ ಹುಳವನ್ನೇ ಕೊಂದಿತ್ತು. ಅಲ್ಲಿ ಸತ್ತ ಹುಳ ಬಾವಿಯಲ್ಲಿ ಬದುಕಿತ್ತು.

*

ಗೋರಿಗೆ ಮಣ್ಣು ಬೀಳುವಾಗ ಮಹಮ್ಮದ ಇಸ್ಮಾಯಿಲ ಬಂದ. ಯಾರೂ ದಾರಿ ಬಿಡಲಿಲ್ಲ. ಅವನೇ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ. ನೆಟ್ಟಗೆ ನಿಲ್ಲುವಷ್ಟರಲ್ಲಿ ಧೊಂಡಿಬಾನ ಕೋಲು ಅವನ ಎದೆಗೆ ತಾಗಿತ್ತು.

"ಯಾಕೋಬಭಾಯಿ ನನ್ನ ಮನ್ಯಾಗ ಉಂಡಾನ್ರಿ," ಎಂದ ಇಸ್ಮಾಯಿಲ. "ಅವನಿಗೆ ನಾ ವಿಷಾ ಹ್ಯಾಂಗ ಹಾಕಲಿ?"

ಬಾಯಿ ಬಿಟ್ಟರೆ ಬಣ್ಣಗೇಡೆಂದು ಸುಸನ್ನಾಳಿಗೆ ಗೊತ್ತಿತ್ತು. ಸತ್ತವನ ಹೆಸರು ಹೋಗುತ್ತದೆ, ತನ್ನ ಕೆಲಸ ಹೋಗುತ್ತದೆ, ಆ ಕೋಲು ತನ್ನ ಕಡೆಗೂ ತಿರುಗಬಹುದು. ಸುಸನ್ನಾ ಕೋಲಿನ ಮುಂದೆ ಬಂದು ನಿಂತಳು.

"ಕಾಕಾ, ನನ್ನ ಚೀಟಿ ಸುಳ್ಳದ," ಎಂದಳು. "ನಳಿಗ್ಯಾಗ ಸ್ಪಿರಿಟ್ಟು ಉಳಿದಿತ್ತು. ನಾ ನೋಡ್ಲಿಲ್ಲ. ನೀರಾಗ ಹುಳಾ ಅದ."

"ಸಾಬರನ್ನ ಉಳಸಾಕ ಹೇಳ್ತೀರಿ?" ಎಂದ ಧೊಂಡಿಬಾ.

ಆಗ ಹೆಲೆನ ತಲೆಯೆತ್ತಿದಳು. "ಖರೇ ಅದರಿ. ಸ್ಪಿರಿಟ್ಟಿನ್ಯಾಗ ತೊಳದೀನಿ ಅಂತ ನನಗೂ ಹೇಳಿದ್ರು. ದೊಡ್ಡ ಹುಷಾರಿ ಮಾಡೀನಿ ಅಂತ ಖುಷಿ ಆಗಿದ್ರು," ಎಂದವಳು ಅಲ್ಲಿಯೇ ಅತ್ತುಬಿಟ್ಟಳು.

"ಸಂಜೀತನ ತಡೀರಿ ಕಾಕಾ," ಎಂದಳು ಸುಸನ್ನಾ. "ನೀರಾಗ ಹುಳಾ ಇದ್ರ ಸಾರು ಮಬ್ಬಾಗ್ತದ, ಕಣ್ಣಾರೆ ತೋರಿಸ್ತೇನಿ. ತೋರಿಸದಿದ್ರ ನನ್ನನ್ನೂ ಹೊಡೀರಿ."

*

ಹೆಣ ಹೊರಟ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. "ಬ್ಯಾಡವ್ವಾ," ಎಂದು ಹೆಂಗಸರು ತಡೆದರೂ ಹೆಲೆನ ಒಲೆ ಹಚ್ಚಿ, ದವಾಖಾನೆಯಿಂದ ತಂದ ಒಂದು ಖಾಲಿ ನಳಿಗೆಯನ್ನು ಕುದಿಸಿದಳು. ಸುಸನ್ನಾ ಅದನ್ನು ಕೆಂಡದ ಮೇಲೆ ಹಿಡಿದು ಒಣಗಿಸಿದಳು. ಯಾಕೋಬನ ಜೇಬಿನ ನಳಿಗೆಯನ್ನು ಸ್ಪಿರಿಟ್ಟಿನ ಸಮೇತ ಪಕ್ಕದಲ್ಲಿಟ್ಟಳು. ಎರಡಕ್ಕೂ ಅಲ್ಲಿಂದಲೇ ತಂದ ಅದೇ ಸಾರು, ಅದೇ ಬಾವಿಯ ನೀರು. ಬಿರಡೆ ಬಿಗಿದು, ಮೈಯ ಕಾವು ತಗಲುವಂತೆ ಸೊಂಟಕ್ಕೆ ಸಿಕ್ಕಿಸಿ, ಸೆರಗು ಸುತ್ತಿಕೊಂಡು ಕೂತಳು. ಎದುರಿಗೆ ಇಸ್ಮಾಯಿಲ, ಅವನ ಹಿಂದೆ ಕೋಲು ಹಿಡಿದ ಧೊಂಡಿಬಾ. ಯಾರೂ ನೀರು ಮುಟ್ಟಲಿಲ್ಲ.

ಮಧ್ಯಾಹ್ನ ಒಮ್ಮೆ ತೆಗೆದು ನೋಡಿದಳು. ಎರಡೂ ತಿಳಿಯಾಗಿದ್ದವು. ಇಸ್ಮಾಯಿಲ ಕಣ್ಣು ಮುಚ್ಚಿಕೊಂಡ. ಅವಳು ನಳಿಗೆಗಳನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊತ್ತು ಇಳಿಯುವಾಗ ಧೊಂಡಿಬಾ ಎದ್ದು ನಿಂತ. "ಸಂಜಿ ಆತ್ರಿ, ಬಾಯಾರ."

ಸುಸನ್ನಾ ಎರಡು ನಳಿಗೆಗಳನ್ನೂ ಬಾಗಿಲ ಬೆಳಕಿಗೆ, ಇಸ್ಮಾಯಿಲನ ಮುಖಕ್ಕೆ ನೇರವಾಗಿ ಹಿಡಿದಳು. ಧೊಂಡಿಬಾ ಅವಳ ಭುಜದ ಹಿಂದಿನಿಂದ ಬಗ್ಗಿ ನೋಡಿದ. ಯಾಕೋಬನ ನಳಿಗೆಯಲ್ಲಿ ಇಸ್ಮಾಯಿಲನ ಬಿಳಿ ಗಡ್ಡ, ಒದ್ದೆ ಕಣ್ಣು ಎಲ್ಲ ಕಾಣುತ್ತಿದ್ದವು. ಕುದಿಸಿದ ನಳಿಗೆಯಲ್ಲಿ ಗಂಜಿಯಂಥ ಮಬ್ಬು. ಅದರ ಹಿಂದೆ ಮುಖವೇ ಇರಲಿಲ್ಲ.