ಅರ್ಧ ಹೇಳಿದ ಪಾಠ

ಬುಧವಾರ ಬೆಳಗ್ಗೆ ತೋರ್ತಿಯಾ ರೊಟ್ಟಿಗೆಂದು ಮೆಕ್ಕೆಜೋಳ ರುಬ್ಬುತ್ತಾ ಕೂತಿದ್ದೆ. ಅನ್ಸೆಲ್ಮೊ ಏದುಸಿರು ಬಿಡುತ್ತಾ ಅಂಗಳಕ್ಕೆ ನುಗ್ಗಿದ.

"ಕೊಮಾದ್ರೆ, ನನ್ ಹೆಂಡ್ತಿಗೆ ಏನ್ ಕೊಟ್ಟೆ ನೀನು? ಸಾಯ್ತಾ ಇದಾಳೆ!"

"ಬೀಜ ಕೊಟ್ಟೆ ಕಣೋ. ಬಿತ್ತೋಕೆ."

"ಬೇಯಿಸ್ಕೊಂಡು ತಿಂದ್ಲು!"

ರುಬ್ಬುತ್ತಿದ್ದುದನ್ನು ಹಾಗೇ ಬಿಟ್ಟು ಅವನ ಹಿಂದೆ ಓಡಿದೆ.

ಅವನ ಹೆಂಡತಿ ತೆಯೊದೋರಾ ನನ್ನ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ಅವಳನ್ನು ಎತ್ತಿಕೊಂಡವಳು. ಅಂದಿನಿಂದ ನಾವಿಬ್ಬರೂ ಕೊಮಾದ್ರೆಯರು, ಒಂದೇ ಮಗುವಿನ ಇಬ್ಬರು ತಾಯಂದಿರು. ನನ್ನನ್ನು ಮನಸಾರೆ ಆಡಿಕೊಳ್ಳುವ ಹಕ್ಕೂ ಅವಳದೇ. ಯೊರೊ ಸೀಮೆಯ ಈ ಬೆಟ್ಟಗಳಲ್ಲಿ ಬಿತ್ತನೆಗೆ ಮುಂಚೆ ಎಲ್ಲರೂ ಇಳಿಜಾರಿಗೆ ಬೆಂಕಿ ಇಡುತ್ತಾರೆ. ನಾನು ನಾಲ್ಕು ವರ್ಷದಿಂದ ಇಟ್ಟಿಲ್ಲ. ಗೊಬ್ಬರದ ಅವರೆಯ ಬಳ್ಳಿ ಹಬ್ಬಿಸಿ, ಆಮೇಲೆ ಕಡಿದು ಕೆಡವಿ, ಕೊಳೆತ ಎಲೆಯ ಮೇಲೇ ಮೆಕ್ಕೆಜೋಳ ಬಿತ್ತುತ್ತೇನೆ. "ಬೆಂಕಿ ಹಚ್ಚೋಕೂ ಸೋಮಾರಿತನ ಈ ಎರ್ಮೆಲಿಂದಾಗೆ" ಎಂದು ಊರೆಲ್ಲ ನಗುತ್ತಿತ್ತು. ನಾನು ತುಟಿ ಬಿಚ್ಚುತ್ತಿರಲಿಲ್ಲ. ಮಾತು ನನಗೆ ಬರದ ಕಸುಬು. ಬೇಕಾದವರು ನೋಡಿ ಕಲಿಯಲಿ ಎಂಬ ಜಂಬವೂ ಇತ್ತು, ಸುಳ್ಳೇಕೆ?

ಭಾನುವಾರ ಚರ್ಚಿನ ಜಗಲಿಯಲ್ಲಿ ತೆಯೊದೋರಾ ತಾನಾಗಿಯೇ ಕೇಳಿದಳು: "ನಿನ್ ಜೋಳ ಅದ್ಯಾಕೇ ಅಷ್ಟು ಕಡುಹಸಿರು?" ನಾನು ಮನೆಗೆ ಹೋಗಿ ಒಂದು ಕರವಸ್ತ್ರದ ತುಂಬ ಆ ಅವರೆಯ ಕಾಳು ತಂದುಕೊಟ್ಟು, "ಸಾಲಿನ ನಡುವೆ ಕುಳಿಗೆ ಎರಡು ಹಾಕು, ಬೆಂಕಿ ಇಡಬೇಡ" ಎಂದೆ. ಅಷ್ಟು ಮಾತಾಡಿದ್ದೇ ನನಗೆ ಹೆಚ್ಚು. ತಿನ್ನಬೇಡ ಎಂದು ಹೇಳಲಿಲ್ಲ. ನಮ್ಮಲ್ಲಿ ಅವರೆ ಎಂದರೆ ಒಲೆಯ ಮೇಲಿನ ಮಡಕೆಗೆ ಹೋಗುವ ವಸ್ತು. ಜುಲೈ ತಿಂಗಳಲ್ಲಿ ಮಡಕೆಗಳು ಖಾಲಿ. ಇಷ್ಟು ಗೊತ್ತಿಲ್ಲದವಳೇ ನಾನು?

ತೆಯೊದೋರಾ ಮಂಚದ ಮೇಲೆ ಸುಣ್ಣದ ಬಣ್ಣಕ್ಕೆ ತಿರುಗಿ ಮಲಗಿದ್ದಳು. ಬೆಳಗಿನಿಂದ ಒಂಬತ್ತು ಸಲ ವಾಂತಿ. ಕೋಳಿಗಳು ಗೋಡೆ ಹತ್ತುತ್ತಿವೆ, ಓಡಿಸಿ ಎನ್ನುತ್ತಿದ್ದಳು. ಗೋಡೆಯ ಮೇಲೆ ಏನೂ ಇರಲಿಲ್ಲ. ಕೆಳಗಿನ ಊರಿಂದ ಬಂದಿದ್ದ ನರ್ಸ್ ಅವಳ ನಾಡಿ ಹಿಡಿದು ಕೂತಿದ್ದಳು.

"ಎಷ್ಟು ತಿಂದ್ಲು?" ಎಂದೆ.

"ಒಂದು ಬಟ್ಟಲು," ಎಂದ ಅನ್ಸೆಲ್ಮೊ. "ನಂಗೆ ಬೇರೆ ಎತ್ತಿಟ್ಟಿದ್ಲು."

"ಎದೆ ಜೋರಾಗಿ ಬಡೀತಿದೆ, ಅದು ಇಳಿದ್ರೆ ಬದುಕಿದ್ಲು ಅಂತ. ಮಧ್ಯಾಹ್ನದವರೆಗೆ ನೋಡೋಣ," ಎಂದಳು ನರ್ಸ್.

ಇನ್ನು ಬೇಸಾಯದ ವಿಷಯ ಯಾರಿಗೂ ಒಂದಕ್ಷರ ಹೇಳುವುದಿಲ್ಲ, ಇವಳನ್ನು ಉಳಿಸಿಕೊಡು ತಾಯಿ ಎಂದು ಮಾತೆ ಮರಿಯಳಿಗೆ ಹರಕೆ ಹೊತ್ತೆ. ಬಾಗಿಲಲ್ಲಿ ನೆರೆಹೊರೆಯವರು ಜಮಾಯಿಸಿ ನನ್ನನ್ನೇ ನೋಡುತ್ತಿದ್ದರು.

ಆಗ ಅನ್ಸೆಲ್ಮೊ ಉಳಿದ ಕಾಳುಗಳನ್ನು ಬಾಚಿಕೊಂಡು ಒಲೆಯ ಕಡೆ ನಡೆದ. "ಈ ವಿಷಾನ ಸುಟ್ಟಾಕ್ತೀನಿ!"

ನಾನು ಹಾರಿ ಅವನ ಮಣಿಕಟ್ಟು ಹಿಡಿದೆ.

"ಸುಡಬೇಡ್ವೋ! ಇದು ಹೊಟ್ಟೆಗೆ ವಿಷ, ನೆಲಕ್ಕೆ ಊಟ. ಇದರೆಲೆ ಉದುರಿ ಅಂಗೈಯಷ್ಟು ದಪ್ಪ ಹಾಸ್ಕೊಳುತ್ತೆ. ಕಳೆ ಏಳಲ್ಲ, ಮಳೆಗೆ ಮಣ್ಣು ಕೊಚ್ಚಿಹೋಗಲ್ಲ."

"ಯಾವಾಗ ಕಡೀಬೇಕು?" ಬಾಗಿಲಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು.

"ಡಿಸೆಂಬರಲ್ಲಿ, ಕಾಯಿ ಒಣಗಿದ್ಮೇಲೆ."

"ಬಳ್ಳಿಯೊಳಗೆ ಹಾವು ಸೇರ್ಕೊಳ್ಳಲ್ವಾ?"

"ಸೇರ್ಕೊಳುತ್ತೆ ಮಾರಾಯ್ತಿ! ಕೋಲಲ್ಲಿ ಬಡಿದು ಆಮೇಲೆ ಕಾಲಿಡು."

ಇದ್ದಲು ತೆಗೆದುಕೊಂಡು ನೆಲದ ಮೇಲೆ ಸಾಲು ಎಳೆದೆ. ಕಾಳುಗಳನ್ನೇ ಇಟ್ಟು ಅಂತರ ತೋರಿಸಿದೆ. ಒಬ್ಬನಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿದೆ. ಅವನ ಮುಖ ಅರಳಿದ್ದನ್ನು ಕಂಡು ನನ್ನ ಮೈಯೆಲ್ಲ ಬೆಚ್ಚಗಾಯಿತು. ಈ ಮಾತುಗಳೆಲ್ಲ ನನ್ನೊಳಗೆ ಎಲ್ಲಿ ಅಡಗಿದ್ದವೋ ನಾನರಿಯೆ.

"ಕೊಮಾದ್ರೆ," ಮಂಚದಿಂದ ಕೀರಲು ದನಿ ಬಂತು. "ನಾನಿಲ್ಲಿ ಸಾಯ್ತಿದೀನೋ, ಇಲ್ಲಾ ಶಾಲೆ ನಡೀತಿದ್ಯೋ?"

ಇದ್ದಲು ಕೆಳಗಿಟ್ಟು ತಿರುಗಿದೆ. ಬಿಸಿಲು ಹೊಸ್ತಿಲು ದಾಟಿ ಹೋಗಿತ್ತು. ಎಷ್ಟು ಹೊತ್ತಿನಿಂದ ನಾನು ಅವಳತ್ತ ಒಮ್ಮೆಯೂ ತಿರುಗಿರಲಿಲ್ಲ! ಹೇಳಲು ನಾಚಿಕೆ: ನನ್ನ ತಪ್ಪಿನಿಂದ ಹೆಂಗಸೊಬ್ಬಳು ಸಾಯುತ್ತಿದ್ದ ಮನೆಯಲ್ಲಿ ನಾನು ಸಂತೋಷವಾಗಿದ್ದೆ. ಹುಟ್ಟಿದಾಗಿನಿಂದ ಅಷ್ಟು ಸಂತೋಷ ಕಂಡಿರಲಿಲ್ಲ.

"ಬಡಿತ ಇಳೀತು," ಎಂದಳು ನರ್ಸ್, ಕೈ ಬಿಡುತ್ತಾ. "ಬದುಕ್ಕೊಂಡ್ಲು."

ನಾನು ಮಂಚದ ಪಕ್ಕ ಕುಸಿದು ಬಿಕ್ಕಿಬಿಕ್ಕಿ ಅತ್ತೆ. "ಕ್ಷಮಿಸೇ. ಇನ್ಯಾವತ್ತೂ ಯಾರಿಗೂ ಏನೂ ಹೇಳಲ್ಲ."

"ಅಯ್ಯೋ, ನೀನು ಹೇಳದೇ ಇದ್ದಿದ್ದಕ್ಕೇ ಕಣೇ ನನಗೀ ಗತಿ," ಎಂದಳು ತೆಯೊದೋರಾ. "ಜಿಪುಣಿ, ಮಾತಲ್ಲೂ ಜಿಪುಣಿ. ಆ ಮುದುಕಿ ಏನೋ ಕೇಳಬೇಕಂತ ನಿಂತಿದಾಳೆ, ನೋಡು. ಹೋಗು. ಈ ಸಲ ಪೂರ್ತಿ ಹೇಳು. ವಾಂತಿ ಬಟ್ಟಲು ಮಾತ್ರ ಕೈಗೆ ಸಿಗೋ ಹಾಗಿಟ್ಟು ಹೋಗು."

ಬಟ್ಟಲನ್ನು ಮಂಚದ ಹತ್ತಿರಕ್ಕೆ ಸರಿಸಿ ಎದ್ದೆ. ಅವಳನ್ನು ಬಿಟ್ಟು ಏಳಲು ಮನಸ್ಸು ಬರಲಿಲ್ಲ ಎಂದು ಹೇಳಬೇಕು ಎನಿಸುತ್ತದೆ, ಆದರೆ ಅದು ಸುಳ್ಳು.