ಗೋಡೆಯ ಮೇಲಿನ ಹೆಸರು

ಲಾಂಡ್ರಿಯ ಗೋಡೆ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಹಿಂದಿನ ದಿನವೆಲ್ಲ ಚಿತ್ರಗಾರ್ತಿ ಡೆಲ್ಫೀನಾ ಏಣಿ ಹತ್ತಿ ಇಳಿದು ಸ್ಪ್ರೇ ಡಬ್ಬಿಯಿಂದ ಗೀಚಿದ್ದ ಸುಳಿ, ಅಂಕಿ, ಅಡ್ಡಾದಿಡ್ಡಿ ಗೆರೆ ಒಂದೂ ಉಳಿದಿರಲಿಲ್ಲ.

"ಯಾರು ಮಾಡಿದ್ದು ಇದನ್ನ?" ಅವಳ ಕೂಗಿಗೆ ಲಾಂಡ್ರಿಯೊಳಗಿದ್ದವರೆಲ್ಲ ಬಟ್ಟೆ ಬಿಟ್ಟು ಬಾಗಿಲಿಗೆ ಬಂದರು.

ದೋನ್ಯಾ ಎಂದು ಎಲ್ಲರೂ ಗೌರವದಿಂದ ಕರೆಯುವ ಒಫೇಲಿಯಾ ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತಾ ಮುಂದೆ ಬಂದಳು. ಪ್ವೆಬ್ಲೋ ಊರಿನ ಆ ಕೇರಿಯ ಸಂಘಕ್ಕೆ ಅವಳೇ ಅಧ್ಯಕ್ಷೆ. ಶನಿವಾರ ಬೆಳಗಾದರೆ ನೆರೆಯವರನ್ನು ಕಟ್ಟಿಕೊಂಡು ಪೋಲಿಗಳ ಗೀಚಾಟದ ಮೇಲೆ ಬಿಳಿ ಬಳಿಯುವುದು ಅವಳ ವ್ರತ.

"ನಾವೇ ಕಣಮ್ಮ. ಯಾರೋ ದರಿದ್ರದವರು ನಿನ್ನ ಗೋಡೆ ಹಾಳು ಮಾಡಿದ್ರು. ನೀನು ಬರೋದ್ರೊಳಗೆ ಬಳಿದು ಕೊಟ್ರೆ ಕೂಗಾಡ್ತೀಯಲ್ಲ!"

"ಗೀಚಿದ್ದು ನಾನು!"

ಡೆಲ್ಫೀನಾ ಚೀಲದಿಂದ ಟ್ಯಾಬ್ಲೆಟ್ ತೆಗೆದು ತೋರಿಸಿದಳು. ಗೀಚಿದ ಗೋಡೆಯ ಫೋಟೋ, ಅದರ ಮೇಲೆ ತೆಳ್ಳಗೆ ಕೂತಿದ್ದ ಅವಳ ಚಿತ್ರ. ಕಾರ್ಖಾನೆ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತ ಹೆಂಗಸರು. ಯಾವ ಸುಳಿಯ ಪಕ್ಕಕ್ಕೆ ಮೂಗು, ಯಾವ ಅಂಕಿಯ ಕೆಳಗೆ ಗಲ್ಲ ಎಂದು ನೋಡಿಕೊಂಡು ಗೋಡೆಗೆ ಇಳಿಸುವುದು. ಅಷ್ಟು ದೊಡ್ಡ ಗೋಡೆಗೆ ಈಗ ಎಲ್ಲರೂ ಮಾಡುವುದೇ ಹಾಗೆ.

ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮುದುಕ ಯುಸೇಬಿಯೋ ಬುರಿಟೋ ತಿನ್ನುತ್ತಿದ್ದ. ಊರಿನ ಅರ್ಧ ಗೋಡೆಗಳ ಮೇಲೆ ಅವನ ಹೆಸರಿದೆ. ಡೆಲ್ಫೀನಾ ಕುಂಚ ಹಿಡಿಯಲು ಕಲಿತದ್ದು ಅವನ ಕೈಕೆಳಗೇ. ಈ ಗೀಚಾಟ ಏನೆಂದು ಅವನಿಗೆ ಚೆನ್ನಾಗಿ ಗೊತ್ತು. ಕಣ್ಣೆದುರೇ ಬಿಳಿ ಬಳಿಯುತ್ತಿದ್ದರೂ ತುಟಿಪಿಟಕ್ಕೆನ್ನದೆ ಕೂತಿದ್ದ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮೇಷ್ಟ್ರೇ, ನೀವಾದ್ರೂ ಒಂದು ಮಾತು ಹೇಳಬಾರದಾಗಿತ್ತಾ?"

"ಏನಂತ ಹೇಳಲಿ ಮಗಳೇ?" ಅವನು ಮೀಸೆ ಒರೆಸಿಕೊಂಡ. "ಯಂತ್ರ ಗೆರೆ ಹಾಕುತ್ತೆ, ಇವಳು ಬಣ್ಣ ತುಂಬ್ತಾಳೆ ಅಂತಲಾ? ಆ ಕೆಲಸ ನನ್ನ ಮೊಮ್ಮಗಳೂ ಮಾಡ್ತಾಳೆ. ಮೂರು ವರ್ಷದವಳು."

ಬಾಗಿಲಲ್ಲಿದ್ದವರು ಕಿಸಕ್ಕನೆ ನಕ್ಕರು.

"ಗೆರೆ ಹಾಕಿದ್ದು ಈ ಕೈ! ಕಾಗದದ ಬದಲು ಗಾಜಿನ ಮೇಲೆ, ಅಷ್ಟೇ."

ಒಫೇಲಿಯಾ ಮುಖ ಗಂಟಿಕ್ಕಿಕೊಂಡಳು. "ನೋಡು, ನಿನ್ನ ಹೊಟ್ಟೆ ಮೇಲೆ ಹೊಡೆಯಲ್ಲ. ಚಿತ್ರ ಮುಗಿಸು, ಸಂಘದಿಂದ ದುಡ್ಡು ತಗೋ. ಆದ್ರೆ ಕೆಳಗೆ ನಿನ್ನ ಹೆಸರು ಬೇಡ, ಕೇರಿಯ ಹೆಸರಿರಲಿ. ನನ್ನ ರಮೀರೋನ್ನ ಮೇಷ್ಟ್ರು ಬರೆದಿದ್ದಾರಲ್ಲ, ಹಾಗೆ ಕೈಯಿಂದ ಬರೆದವರ ಹೆಸರಿಗೆ ಒಂದು ಬೆಲೆ ಇದೆ."

ರಮೀರೋ ಅವಳ ಗಂಡ, ಉಕ್ಕಿನ ಕುಲುಮೆಯಲ್ಲಿ ದುಡಿದು ಸತ್ತವನು. ಕಾರ್ಮಿಕರ ಭವನದ ಗೋಡೆಯ ಮೇಲೆ ಅವನ ಮುಖವಿದೆ. ಪ್ರತಿ ಭಾನುವಾರ ಚರ್ಚಿನಿಂದ ಬರುವಾಗ ಒಫೇಲಿಯಾ ಅಲ್ಲಿ ನಿಂತು ಅವನಿಗೆ ವಾರದ ಸುದ್ದಿಯೆಲ್ಲ ಹೇಳಿಯೇ ಮನೆಗೆ ಹೋಗುವುದು.

ತಾನು ಕಳ್ಳ, ಪರರ ನಂಬ ಅನ್ನೋ ಹಾಗಿತ್ತು ಮೇಷ್ಟ್ರ ಮಾತು! ಡೆಲ್ಫೀನಾ ಇಷ್ಟು ವರ್ಷ ನುಂಗಿಕೊಂಡಿದ್ದು ಗಂಟಲಿಗೆ ಬಂತು.

"ಕೈಯಿಂದ? ಕತ್ತಲಾದ ಮೇಲೆ ಪ್ರೊಜೆಕ್ಟರ್ ಹಚ್ಚಿ ರಮೀರೋನ ಫೋಟೋನ ಗೋಡೆಗೆ ಬಿಟ್ಟು ಗೆರೆ ತಿದ್ದಿದ್ದು ಇವರು. ಅಲ್ಲಾಡದ ಹಾಗೆ ಹಿಡಿದು ನಿಂತಿದ್ದು ನಾನು. ಕೇಳಿ ಬೇಕಾದ್ರೆ!"

ನಗು ನಿಂತುಹೋಯಿತು. ಒಫೇಲಿಯಾ ಮುದುಕನ ಕಡೆ ತಿರುಗಿದಳು. ಅವನು ಅರ್ಧ ತಿಂದ ಬುರಿಟೋ ಸುತ್ತಿ ಜೇಬಿಗಿಟ್ಟ.

"ಆಗ ಎಲ್ಲರೂ ಮಾಡ್ತಿದ್ರು," ಎಂದು ಗೊಣಗಿದ. "ಆದ್ರೆ ಜನರ ಕಣ್ಣಿಗೆ ಬೀಳದ ಹಾಗೆ ಮಾಡ್ತಿದ್ವಿ. ಇವಳು ಹಾಡಹಗಲೇ ಆ ಹಲಗೆ ಹಿಡ್ಕೊಂಡು ನಿಂತ್ಕೋತಾಳೆ. ನೋಡಿದವರು ನಮ್ಮನ್ನೆಲ್ಲ ಏನಂತ ತಿಳ್ಕೋಬೇಕು?"

"ಕದ್ದು ಮಾಡಿದ್ರೆ ಕಲೆ, ಎದುರಿಗೆ ಮಾಡಿದ್ರೆ ಮೋಸ. ಭೇಷ್ ಮೇಷ್ಟ್ರೇ!"

ಒಫೇಲಿಯಾಳಿಗೆ ಅವರ ಜಗಳ ಬೇಕಿರಲಿಲ್ಲ. "ಹಾಗಾದ್ರೆ ರಮೀರೋನ ಕಣ್ಣು? ಅದೂ ಆ ಬೆಳಕಿನದೇನಾ? ನಾನು ಇಷ್ಟು ವರ್ಷ ಮಾತಾಡಿದ್ದು ಯಾವುದೋ ಬಲ್ಬಿನ ಹತ್ತಿರಾನಾ?"

ಯುಸೇಬಿಯೋ ನೆಲ ನೋಡಿದ. ಡೆಲ್ಫೀನಾ ಬಾಯಿ ಬಿಡಲಿಲ್ಲ. ಬಿಡಲೂ ಬಾರದು ಎಂದು ಹಲ್ಲು ಕಚ್ಚಿ ನಿಂತಳು. ಇದನ್ನು ಅವನ ಬಾಯಿಂದಲೇ ಕೇಳಬೇಕಿತ್ತು ಅವಳಿಗೆ.

"ಹೇಳಿ ಯುಸೇಬಿಯೋ," ಎಂದಳು ಒಫೇಲಿಯಾ.

"ಫೋಟೋದಲ್ಲಿ ಕಣ್ಣೇ ಇರಲಿಲ್ಲ," ಎಂದ ಅವನು ಕೊನೆಗೆ. "ಟೋಪಿಯ ನೆರಳು ಬಿದ್ದು ಬರೀ ಎರಡು ಕಪ್ಪು ಗುಂಡಿ. ನಾನು ಎಷ್ಟು ಸಲ ಬರೆದ್ರೂ ಹೆಣದ ಕಣ್ಣಾಗ್ತಿತ್ತು. ಬೇಜಾರಾಗಿ ಕುಡಿಯೋಕೆ ಹೋದೆ. ವಾಪಸ್ ಬರೋ ಹೊತ್ತಿಗೆ ಈ ಹುಡುಗಿ ಬರೆದುಬಿಟ್ಟಿದ್ಳು. ದೀಪಾನೂ ಇಲ್ಲ, ಫೋಟೋನೂ ಇಲ್ಲ, ಅವನನ್ನ ಬೀದೀಲಿ ನೋಡಿದ ನೆನಪು, ಅಷ್ಟೇ. ಬೆಳಗ್ಗೆ ನಾನು ಸಹಿ ಹಾಕಿದೆ."

ಒಫೇಲಿಯಾ ಡೆಲ್ಫೀನಾಳ ಕೈಯನ್ನು ಒಮ್ಮೆ ನೋಡಿದಳು. ಆಮೇಲೆ ಮುದುಕನ ರಟ್ಟೆ ಹಿಡಿದು ಕುರ್ಚಿಯಿಂದ ಎಬ್ಬಿಸಿದಳು.

"ನಡೀರಿ ಭವನಕ್ಕೆ. ಆ ಹೆಸರನ್ನ ನೀವೇ ಅಳಿಸಿ."

"ಈಗ್ಲೇ? ಜನ ಎಲ್ಲ ನೋಡ್ತಾರೆ ದೋನ್ಯಾ."

"ನೋಡಲಿ ಅಂತಲೇ."

ಮುದುಕ ಹೊರಡಲಾರದೆ ಶಿಷ್ಯೆಯ ಕಡೆ ತಿರುಗಿದ. ಬೇಡ ಬಿಡಿ ಎಂದು ಅವಳೊಂದು ಮಾತು ಹೇಳಿದ್ದರೆ ಸಾಕಿತ್ತು.

"ನನ್ನ ಮುಖ ಏನ್ ನೋಡ್ತೀರಾ?" ಎಂದಳು ಡೆಲ್ಫೀನಾ. "ನಡೀರಿ."