ಏಳು ಸಹಿಗಳ ಸಂಘ

ಬೀರುವಿನ ಕೆಳಗಿನ ಅರೆಯಲ್ಲಿ ಕೈಯಾಡಿಸುತ್ತಿದ್ದ ಲುಬ್ನಾಳಿಗೆ ಹೊರಗೆ ಹೆಣಕ್ಕೆ ನೀರು ಹೊಯ್ಯುವ ಸದ್ದು ಕೇಳಿ ನಾಚಿಕೆಯಾಯಿತು. ಅಂಗಳದಲ್ಲಿ ಕೋನಪ್ಪನವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಒಳಗೆ ಅವಳು ಅವರ ಮಡಿಸಿಟ್ಟ ಪಂಚೆಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲೇನಿದೆ ಎಂದು ನೋಡುತ್ತಿದ್ದಳು. ಕಳ್ಳಿಯಾದರೂ ಇಂಥ ಹೊತ್ತಿನಲ್ಲಿ ಬರುತ್ತಿರಲಿಲ್ಲ.

"ಏನಮ್ಮಾ ಹುಡುಕ್ತಿದ್ದೀಯ?"

ಅರಿಶಿನದ ಬಟ್ಟಲಿಗೆಂದು ಒಳಗೆ ಬಂದ ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದರು. ಗಂಡ ಹೋಗಿ ಇನ್ನೂ ಒಂದು ದಿನ ತುಂಬಿರಲಿಲ್ಲ. ಹಿಂದಿನ ದಿನ ಸಂಜೆ ನಂದಿಯಿಂದ ಬಂದ ಕೋನಪ್ಪ ಕಾಫಿ ಕೇಳಿ, ಕಾಫಿ ಬರುವಷ್ಟರಲ್ಲಿ ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟಿದ್ದರು.

"ಮೀಟಿಂಗ್ ಬುಕ್ಕಮ್ಮ. ಸೋಮವಾರಕ್ಕೆ ಬೇಕು. ಇವತ್ತು ಹುಡುಕಬಾರ್ದಿತ್ತು."

"ಇಸ್ತ್ರಿ ಅಂಗಿ ಕೆಳಗೆ ನೋಡು," ಎಂದಷ್ಟೇ ಹೇಳಿ ಅವರು ಬಟ್ಟಲು ತೆಗೆದುಕೊಂಡು ಹೊರಟರು.

ಪುಸ್ತಕ ಅಲ್ಲೇ ಇತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರ ಮಕ್ಕಳಿಗಾಗಿ ಕೋನಪ್ಪ ಕಟ್ಟಿದ ಸಂಘದ ನಡಾವಳಿ ಪುಸ್ತಕ ಅದು. ಸಂಘದ ಬಾಲವಾಡಿಗೆ ಈಗ ಮೂವತ್ತೊಂದು ಮಕ್ಕಳು ಬರುತ್ತಾರೆ. ಅದು ನಡೆಯುವುದು ನಗರಸಭೆಯ ಹಳೆಯ ಗೋದಾಮಿನಲ್ಲಿ. ಮೂರು ವರ್ಷಕ್ಕೊಮ್ಮೆ ಅನುಮತಿ ಹೊಸದು ಮಾಡಿಸಬೇಕು. ಈ ಸಲದ ಗಡುವು ಸೋಮವಾರ ಸಂಜೆ ಐದು ಗಂಟೆ. ಅರ್ಜಿಯ ಜತೆ ಆಡಳಿತ ಮಂಡಳಿಯ ಸಭೆಯ ನಿರ್ಣಯ ಇರಬೇಕು, ಕೆಳಗೆ ಕಾರ್ಯದರ್ಶಿಯ ಸಹಿ ಇರಬೇಕು. ಕಾರ್ಯದರ್ಶಿಯೋ ಅಂಗಳದಲ್ಲಿ ಮಣೆಯ ಮೇಲಿದ್ದರು. ಸಂಬಳಕ್ಕಿರುವವರು ಪದಾಧಿಕಾರಿ ಆಗಕೂಡದೆಂಬ ನಿಯಮವಿದ್ದುದರಿಂದ ಹನ್ನೆರಡು ವರ್ಷದಿಂದ ಬಾಲವಾಡಿಯನ್ನು ಹೆಗಲ ಮೇಲೆ ಹೊತ್ತ ಲುಬ್ನಾ ಸಹಿ ಹಾಕುವ ಹಾಗಿರಲಿಲ್ಲ.

ಬರೆದ ಕೊನೆಯ ಹಾಳೆ ತಿರುವಿ ಅವಳು ಬೆಚ್ಚಿದಳು. ಭಾನುವಾರ ಹದಿನೈದನೆಯ ತಾರೀಖಿನ ಸಭೆಯ ನಡಾವಳಿಯನ್ನು ಕೋನಪ್ಪ ಆಗಲೇ ಬರೆದು ಮುಗಿಸಿದ್ದರು. ಇಂದಿನ್ನೂ ಶುಕ್ರವಾರ, ಹದಿಮೂರು. 'ಕಾರ್ಯದರ್ಶಿ ಶ್ರೀ ಕೋನಪ್ಪನವರು ಸರ್ವರನ್ನೂ ಸ್ವಾಗತಿಸಿದರು. ದೀರ್ಘ ಚರ್ಚೆಯ ನಂತರ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಲಘು ಉಪಾಹಾರದೊಂದಿಗೆ ಸಭೆ ಮುಕ್ತಾಯವಾಯಿತು.' ಕೆಳಗೆ ಅವರದೇ ಸಹಿ, ಅದರ ಕೆಳಗೆ ಅಧ್ಯಕ್ಷರಾದ ನಂದಿಯ ವೆಂಕಟರಾಯಪ್ಪನವರ ನಡುಗುವ ಸಹಿ. ಉಳಿದ ಐದು ಗೆರೆ ಖಾಲಿ ಇದ್ದವು.

* * *

ಕೆಲಸಕ್ಕೆ ಸೇರಿದ ಹೊಸದರಲ್ಲಿ ಲುಬ್ನಾ ಒಂದು ಶನಿವಾರ ಕೇಳಿದ್ದಳು, ನಾಳೆ ಮೀಟಿಂಗಂತಲ್ಲ ಸರ್, ಚಾಪೆ ಹಾಕಿಸಲೇ ಎಂದು. ಕೋನಪ್ಪ ನಕ್ಕುಬಿಟ್ಟಿದ್ದರು. ಅವರ ಮೀಟಿಂಗಿಗೆ ಚಾಪೆ ಬೇಕಿರಲಿಲ್ಲ, ಬಸ್ ಟಿಕೆಟ್ ಬೇಕಿತ್ತು. ಹೆಗಲ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಒಂದು ದಿನ ಗೌರಿಬಿದನೂರು, ಒಂದು ದಿನ ಚಿಂತಾಮಣಿ, ಒಂದು ದಿನ ನಂದಿ ಎಂದು ಸದಸ್ಯರ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಪ್ರತಿ ಮನೆಗೂ ಒಂದು ಪೊಟ್ಟಣ ಖಾರಾಬೂಂದಿ ಒಯ್ಯುತ್ತಿದ್ದರು, ಲಘು ಉಪಾಹಾರ ಎಂದು ಬರೆದದ್ದು ಸುಳ್ಳಾಗಬಾರದಲ್ಲ.

"ಇದು ಸರೀನಾ ಸರ್?" ಎಂದು ಅವಳು ಕೇಳಿದ್ದಕ್ಕೆ ಅವರು ತಮ್ಮೂರ ಯುವಕ ಸಂಘದ ಕತೆ ಹೇಳಿದ್ದರು. ಎರಡನೆಯ ಸಭೆಯಲ್ಲೇ ಬೋರ್ಡಿನಲ್ಲಿ ಯಾರ ಹೆಸರು ಮೇಲಿರಬೇಕೆಂದು ಜಗಳವಾಗಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದು, ಸಂಘದ ಕಟ್ಟಡದಲ್ಲಿ ಈಗ ಯಾರೋ ಮೇಕೆ ಕಟ್ಟುತ್ತಾರಂತೆ.

"ಏಳು ಜನ ಒಂದ್ ಕಡೆ ಕೂತ್ರೆ ಎಂಟು ಮಾತು ಬರ್ತವೆ ಕಣಮ್ಮ. ಸಂಘ ಉಳೀಬೇಕಂದ್ರೆ ಜನ ಸೇರ್ಬಾರ್ದು."

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಗುಮಾಸ್ತರಾಗಿದ್ದವರು ಅವರು. ಗೂಡು ಬೇಯಿಸುವ ಬಿಸಿನೀರಿಗೆ ಮಗುವೊಂದು ಕೈ ಅದ್ದಿದ್ದನ್ನು ಕಣ್ಣಾರೆ ಕಂಡ ವರ್ಷ ಸಂಘ ನೋಂದಾಯಿಸಿದ್ದರು. ಅದಾಗಿ ಇಪ್ಪತ್ತಾರು ವರ್ಷ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವುದು, ರಾಗಿ ಗಂಜಿಗೆ ಒಲೆ ಹಚ್ಚುವುದು, ಶುಕ್ರವಾರ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಉಗುರು ಕತ್ತರಿಸುವುದು. ಹೇಳಿಕೊಳ್ಳುವಂಥ ಬದುಕೇನೂ ಅಲ್ಲ. ಯಾರೂ ಅವರಿಗೆ ಶಾಲು ಹೊದಿಸಿರಲಿಲ್ಲ. ಅವರಿಗೆ ಅದರ ಯೋಚನೆಯೂ ಇದ್ದಂತಿರಲಿಲ್ಲ.

* * *

ಹನ್ನೊಂದರ ಹೊತ್ತಿಗೆ ಸದಸ್ಯರು ಒಬ್ಬೊಬ್ಬರಾಗಿ ಬಂದರು. ಶಾಮಿಯಾನದ ಕೆಳಗೆ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತರು. ಕೂತವರು ಒಬ್ಬರ ಮುಖ ಒಬ್ಬರು ನೋಡಿ, ಸತ್ತವರ ಕಡೆಯ ನೆಂಟರಿರಬೇಕೆಂದು ತಲೆಯಾಡಿಸಿ ಸುಮ್ಮನಾದರು. ಆ ಆರೂ ಮಂದಿಯನ್ನು ಬಲ್ಲವಳು ಲುಬ್ನಾ ಒಬ್ಬಳೇ. ಅವಳೇ ಹೋಗಿ ಪರಿಚಯ ಮಾಡಿಸಿದಳು. ಚಿಂತಾಮಣಿಯ ಹೈಸ್ಕೂಲು ಮೇಡಂ ಪದ್ಮಶ್ರೀ, ಗೌರಿಬಿದನೂರಿನಲ್ಲಿ ಔಷಧಿ ಅಂಗಡಿಯಿಟ್ಟ ಅಂಬರೀಶ್, ಶಿಡ್ಲಘಟ್ಟದಲ್ಲಿ ನೂಲಿನ ಘಟಕ ನಡೆಸುವ ಲಾಲ್ ಬಾಷಾ, ಅಂಬಾಜಿದುರ್ಗದ ಬಳಿ ತರಕಾರಿ ಸಸಿಗಳ ನರ್ಸರಿ ಮಾಡಿಕೊಂಡ ಮೋಹನ್‌ಬಾಬು ಮತ್ತು ಅವರ ಹೆಂಡತಿ ಹರಿತಾ.

ಎಂಬತ್ತು ದಾಟಿದ ವೆಂಕಟರಾಯಪ್ಪ ಕನ್ನಡಕ ಸರಿಮಾಡಿಕೊಂಡು ಪದ್ಮಶ್ರೀಯನ್ನು ನೋಡಿದರು. "ಎವರಮ್ಮಾ ನುವ್ವು, ಯಾರಮ್ಮಾ ನೀನು ಅಂತ ಕೇಳಣಾಂತಿದ್ದೆ. ಹದಿನಾಲ್ಕು ವರ್ಷದಿಂದ ಒಂದೇ ಹಾಳೆ ಮೇಲೆ ಸಹಿ ಹಾಕ್ತಾ ಇದ್ದೀವಿ. ನಿಮ್ಮ ಅಕ್ಷರ ನೋಡಿ ಗಂಡಸು ಅಂದ್ಕೊಂಡಿದ್ದೆ."

ಸಾವಿನ ಮನೆಯೆಂದು ಪದ್ಮಶ್ರೀ ನಗು ನುಂಗಿಕೊಂಡರು.

ಅಷ್ಟರಲ್ಲಿ ಆದಿಲಕ್ಷ್ಮಮ್ಮ ಇವರ ಕಡೆ ಬಂದರು. ಲುಬ್ನಾಳಿಗೆ ಗಾಬರಿಯಾಯಿತು. ಪ್ರತಿ ಮೀಟಿಂಗಿಗೂ ಇಸ್ತ್ರಿ ಅಂಗಿ ತೆಗೆದುಕೊಡುತ್ತಿದ್ದ ಹೆಂಗಸು. ಮೀಟಿಂಗೇ ಇರಲಿಲ್ಲವೆಂದು ಈ ದಿನವೇ ತಿಳಿದರೆ ಹೇಗೆ? ಆದಿಲಕ್ಷ್ಮಮ್ಮ ಪದ್ಮಶ್ರೀಯ ಕೈ ಹಿಡಿದುಕೊಂಡರು.

"ನೀವಲ್ವಾ ಕಿಟಕಿಗೆ ಸೊಳ್ಳೆ ಜಾಲರಿ ಹಾಕ್ಸಿ ಅಂತ ಮೀಟಿಂಗಲ್ಲಿ ಹೇಳ್ದೋರು?"

ಪದ್ಮಶ್ರೀ ಆ ಕಿಟಕಿಯನ್ನೇ ಕಂಡವರಲ್ಲ. ಲುಬ್ನಾಳ ಮುಖ ನೋಡಿದರು. "ಹೂಂ ಅಮ್ಮ, ನಾನೇ," ಎಂದರು.

"ಬಾಷಾ ಸಾಬರು ಎಲ್ಲರ್ನೂ ನಗಿಸ್ತಾರಂತೆ."

ಹುಟ್ಟಿದಂದಿನಿಂದ ಯಾರನ್ನೂ ನಗಿಸಿ ಗೊತ್ತಿಲ್ಲದ ಲಾಲ್ ಬಾಷಾ ತಲೆ ತಗ್ಗಿಸಿ ಟೋಪಿ ಸರಿಮಾಡಿಕೊಂಡರು. ಒಬ್ಬೊಬ್ಬರಿಗೂ ಅವರವರ ಮಾತನ್ನು ಒಪ್ಪಿಸಿ ಆದಿಲಕ್ಷ್ಮಮ್ಮ ಗಂಡನ ತಲೆದೆಸೆಗೆ ಹೋಗಿ ಕೂತರು.

ಮಣ್ಣು ಮಾಡಿದ್ದು ಅವರದೇ ಹಿಪ್ಪುನೇರಳೆ ತೋಟದ ಅಂಚಿನಲ್ಲಿ. ತಮಟೆ ಮುಂದೆ ಹೋಯಿತು, ಬಾಲವಾಡಿಯ ತಾಯಂದಿರು ಅರ್ಧ ದಿನದ ಕೂಲಿ ಬಿಟ್ಟು ಹಿಂದೆ ನಡೆದರು. ಗುಂಡಿಗೆ ಒಂದು ಹಿಡಿ ಮಣ್ಣು ಹಾಕುವಾಗ ಲುಬ್ನಾಳಿಗೆ ಅಳು ಬರಲಿಲ್ಲ, ಬಂದದ್ದು ಆಯಾಸ. ಸೋಮವಾರದೊಳಗೆ ಏನೂ ಆಗದಿದ್ದರೆ ಆಗದಿರಲಿ, ಮಂಗಳವಾರದಿಂದ ಏಳು ಗಂಟೆಯವರೆಗೂ ಮಲಗಬಹುದು ಎಂದು ಒಂದು ಕ್ಷಣ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಕೆಲಸಕ್ಕೆ ಮರಳುವ ಅವಸರದಲ್ಲಿ ತೋಟದಿಂದಲೇ ಹೊರಟ ತಾಯಂದಿರಲ್ಲಿ ಒಬ್ಬಳು, ನಾಳೆ ಬಾಗಿಲು ತೆಗೀತೀರ ಅಲ್ವಾ ಟೀಚರ್ ಎಂದು ಕೇಳಿದಳು. ಲುಬ್ನಾ ತೆಗೆಯುತ್ತೇನೆ ಎಂದಳು.

* * *

ಕಾಲು ತೊಳೆದು ಬಂದವರು ಪಡಸಾಲೆಯಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಡುವುದು ವಾಡಿಕೆ. ಸದಸ್ಯರೂ ಹಾಗೆ ಬಂದರು. ಆದಿಲಕ್ಷ್ಮಮ್ಮ ದೀಪದ ಪಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಇನ್ನು ತಡಮಾಡಿದರೆ ಎಲ್ಲರೂ ನಾಲ್ಕು ದಿಕ್ಕಿಗೆ ಹೋಗುತ್ತಾರೆಂದು ಲುಬ್ನಾ ಅವರನ್ನು ತಡೆದು, ತಗ್ಗಿದ ದನಿಯಲ್ಲಿ ಗೋದಾಮಿನ ವಿಷಯ ಹೇಳಿದಳು. ಹೊಸ ಕಾರ್ಯದರ್ಶಿ ಆಗಲೇಬೇಕು, ಯಾರಾದರೂ ಒಪ್ಪಿಕೊಳ್ಳಿ ಎಂದಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ. ಅಂಬರೀಶರಿಗೆ ಅಂಗಡಿ, ನರ್ಸರಿಯವರಿಗೆ ಸಸಿ, ಪದ್ಮಶ್ರೀಯವರಿಗೆ ಪರೀಕ್ಷೆ ಮುಂದಿತ್ತು. ವೆಂಕಟರಾಯಪ್ಪ ತಮ್ಮ ವಯಸ್ಸನ್ನೇ ಉತ್ತರವಾಗಿ ಹೇಳಿದರು. ಪುಸ್ತಕ ಕೈಗೆ ತೆಗೆದುಕೊಂಡು ಓದುತ್ತಿದ್ದ ಲಾಲ್ ಬಾಷಾ ಮಾತ್ರ ಸಮಾಧಾನದಿಂದಿದ್ದರು.

"ಇದ್ರಲ್ಲಿ ಎಲ್ಲಾ ಆಗೋಗಿದೆ ಬೇಟಿ. ಕೋನಪ್ಪನೋರ ಸಹೀನೂ ಇದೆ. ಹದಿನೈದು ಅನ್ನೋದನ್ನ ಎಂಟು ಮಾಡು, ಹೋದ ಭಾನುವಾರ ಆಯ್ತದೆ. ನಾವು ಐದು ಜನ ಇಲ್ಲೇ ಸಹಿ ಹಾಕ್ತೀವಿ. ಕಾರ್ಯದರ್ಶಿ ಯಾರು ಅಂತ ನಿಧಾನಕ್ಕೆ ನೋಡಣ."

ಎಲ್ಲರ ಮುಖದಲ್ಲೂ ನಿರಾಳ ಕಾಣಿಸಿತು. ಅಂಬರೀಶ್ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು. ಲುಬ್ನಾಳಿಗೂ ಬೇಡವೆನ್ನಲು ಶಕ್ತಿಯಿರಲಿಲ್ಲ. ಒಂದು ತಾರೀಖು ತಿದ್ದಿದರೆ ಮೂರು ವರ್ಷದ ನಿಶ್ಚಿಂತೆ. ಹನ್ನೆರಡು ವರ್ಷ ನೋಡಿಕೊಂಡು ಸುಮ್ಮನಿದ್ದವಳಿಗೆ ಇಂದೇನು ಹೊಸ ಮಡಿ ಎಂದುಕೊಂಡು ಅವಳು ಪೆನ್ನಿಗೆ ಕೈ ಚಾಚಿದಳು.

"ಲುಬ್ನಾ," ಎಂದರು ಆದಿಲಕ್ಷ್ಮಮ್ಮ, ಕಣ್ಣು ತೆರೆಯದೆ. "ಮಣ್ಣಿಗಿಟ್ಟು ಬಂದ್ ಮೇಲೂ ಅವರ ಕೈಲೇ ಸಹಿ ಹಾಕಿಸ್ತೀಯೇನಮ್ಮ?"

ಲುಬ್ನಾ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಾಗ ಆದಿಲಕ್ಷ್ಮಮ್ಮ ಮುಂದುವರಿಸಿದರು.

"ನನಗೆ ಓದಕ್ಕೆ ಬರಲ್ಲ. ಆದ್ರೆ ಆ ಬುಕ್ಕೆಲ್ಲ ನನಗೆ ಬಾಯಿಪಾಠ. ಬರೆಯೋಕ್ ಮುಂಚೆ ಇಲ್ಲೇ ಕೂತು ಜೋರಾಗಿ ಹೇಳೋರು. ಮೇಡಂ ಏನಂದಿರ್ತಾರೆ, ಸಾಬರು ಏನಂದಿರ್ತಾರೆ ಅಂತ ನನ್ನೇ ಕೇಳೋರು. ನಾನು ಹೇಳ್ತಿದ್ದೆ, ಅವರು ಬರ್ಕೊಳ್ಳೋರು. ಜಾಲರಿ ಮಾತು ನಂದೇ."

ಪದ್ಮಶ್ರೀ ಸೆರಗನ್ನು ಬಾಯಿಗಿಟ್ಟುಕೊಂಡರು. ಬೆಳಿಗ್ಗೆ ಆ ಮಾತಿಗೆ ಹೂಂ ಎಂದದ್ದು ಅವರನ್ನು ಈಗ ಸುಡುತ್ತಿತ್ತು.

"ಅದಕ್ಕೇ ಬೆಳಿಗ್ಗೆ ನಿಮ್ಮನ್ನೆಲ್ಲ ನೋಡ್ಬೇಕು ಅನ್ನಿಸ್ತು," ಎಂದರು ಆದಿಲಕ್ಷ್ಮಮ್ಮ. "ಇಪ್ಪತ್ತಾರು ವರ್ಷ ಏಳೂ ಜನರ ಕೆಲಸ ಅವರೊಬ್ಬರೇ ಮಾಡಿದ್ರು. ಇನ್ನಾದ್ರೂ ಅವರಿಗೆ ರಜ ಕೊಡಿ."

ಲಾಲ್ ಬಾಷಾ ಪುಸ್ತಕವನ್ನು ಮೆಲ್ಲಗೆ ಲುಬ್ನಾಳ ಕೈಗಿಟ್ಟರು. ವೆಂಕಟರಾಯಪ್ಪ ಗೋಡೆ ಹಿಡಿದುಕೊಂಡು ಚಾಪೆಯ ಮೇಲೆ ಕೂತರು. ಅಧ್ಯಕ್ಷರು ಕೂತ ಮೇಲೆ ಉಳಿದವರೂ ಕೂತರು.

ಆಮೇಲೆ ಆದದ್ದು ಕೋನಪ್ಪ ಜೀವಮಾನವಿಡೀ ಹೆದರಿದ್ದ ಸಂಗತಿಯೇ. ಅಂಬರೀಶರಿಗೆ ಗೋದಾಮಿನ ಸಹವಾಸವೇ ಬೇಡವಾಗಿತ್ತು, ಹರಿತಾಗೆ ಬೇರೆ ಜಾಗ ಎಲ್ಲಿದೆ ತೋರಿಸಿ ಎಂಬ ಹಟ. ಬೆಳಿಗ್ಗೆಯಿಂದ ಬಾಯಿ ಬಿಡದಿದ್ದ ಮೋಹನ್‌ಬಾಬು ಹೆಂಡತಿಗೆ ಎದುರಾಡಿದರು. ಲಾಲ್ ಬಾಷಾ ದನಿ ಏರಿಸಿದರು, ಸಾವಿನ ಮನೆಯೆಂಬುದು ನೆನಪಾಗಿ ಇಳಿಸಿದರು, ಮತ್ತೆ ಏರಿಸಿದರು. ಲುಬ್ನಾಳಿಗೆ ತಲೆ ನೋಯತೊಡಗಿತು. ಕೋನಪ್ಪ ಹೇಳಿದ್ದು ಸುಳ್ಳಲ್ಲ, ಎಂಟೇನು, ಹತ್ತು ಮಾತು ಬಂದವು. ಆದರೆ ಎದ್ದು ಹೋದವರು ಯಾರೂ ಇರಲಿಲ್ಲ.

ಒಂದು ಗಂಟೆ ಹೊತ್ತು ಕಳೆದ ಮೇಲೆ ಗೋದಾಮಿಗೇ ಅರ್ಜಿ ಹಾಕುವುದೆಂದು ಎಲ್ಲರೂ ಒಪ್ಪಿದರು. ಆಗ ಪದ್ಮಶ್ರೀ, ಒಂದು ವರ್ಷದ ಮಟ್ಟಿಗೆ ನಾನು ಕಾರ್ಯದರ್ಶಿಯಾಗುತ್ತೇನೆ, ಆದರೆ ಸಹಿಗಾಗಿ ಯಾರ ಮನೆಗೂ ಬರುವುದಿಲ್ಲ, ಎಲ್ಲರೂ ಬಂದು ಕೂರಬೇಕು ಎಂದರು. ತೆರವಾದ ಏಳನೆಯ ಜಾಗಕ್ಕೆ ಆದಿಲಕ್ಷ್ಮಮ್ಮನವರ ಹೆಸರು ಹೇಳಿದವರು ಲಾಲ್ ಬಾಷಾ. ಹನ್ನೊಂದು ದಿನ ಕಳೆಯಲಿ, ಆಮೇಲೆ ನೋಡುವ ಎಂದರು ಆದಿಲಕ್ಷ್ಮಮ್ಮ. ಬೇಡವೆನ್ನಲಿಲ್ಲ.

ಕೋನಪ್ಪ ಮೊದಲೇ ಬರೆದಿಟ್ಟಿದ್ದ ಹಾಳೆಗೆ ಲುಬ್ನಾ ಅಡ್ಡಗೆರೆ ಎಳೆದು ರದ್ದು ಎಂದು ಬರೆದಳು. ಪಕ್ಕದ ಹೊಸ ಹಾಳೆಯಲ್ಲಿ ಅಂದಿನ ತಾರೀಖು ಹಾಕಿದಳು. ಬಾಕಿ ಎಲ್ಲ ಕೋನಪ್ಪನವರ ಕ್ರಮದಲ್ಲೇ ಇರಲೆಂದು ಹಿಂದಿನ ಹಾಳೆ ನೋಡಿಕೊಂಡೇ ಬರೆಯುತ್ತ ಹೋದಳು. ಹಾಜರಿದ್ದವರು ಎಂದು ಬರೆದು ಆರು ಹೆಸರು ಬರೆದಳು. ಅದರ ಕೆಳಗೆ 'ಗೈರುಹಾಜರಾದವರು' ಎಂಬ ಸಾಲು. ಅವಳು ಹಾಳೆ ಹಿಂದೆ ಹಿಂದೆ ತಿರುವಿದಳು. ಮೊಟ್ಟಮೊದಲ ಸಭೆಯಿಂದ ಹಿಡಿದು ಇಪ್ಪತ್ತಾರು ವರ್ಷವೂ ಆ ಸಾಲಿನ ಮುಂದೆ ಅದೇ ದುಂಡು ಅಕ್ಷರದಲ್ಲಿ 'ಯಾರೂ ಇಲ್ಲ' ಎಂದಿತ್ತು.

ಲುಬ್ನಾಳ ಕಣ್ಣಲ್ಲಿ ಆಗ ನೀರು ಬಂತು. ತೋಳಿನಿಂದ ಒರೆಸಿಕೊಂಡು, ಆ ಸಾಲಿನ ಮುಂದೆ 'ಶ್ರೀ ಕೋನಪ್ಪ' ಎಂದು ಬರೆದು, ಪುಸ್ತಕವನ್ನು ವೆಂಕಟರಾಯಪ್ಪನವರ ಕಡೆಗೆ ತಿರುಗಿಸಿ ಇಟ್ಟಳು.